ಚಿಮಣಿಯ ಹೊಗೆಯನ್ನು ಹಿಡಿದಿಡಲು ಆದೀತೇ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ನನಗೆ "ನೀವು ಮಾಡಿದ ನೌಕರಿ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂದರು. ನಾನು 31 ವರ್ಷ ಮಾಡಿದ್ದು ಶಾಖೋತ್ಪನ್ನ ವಿದ್ಯುತ್ ಸ್ಥಾವರವೊಂದರ ಪ್ರಯೋಗಾಲಯದಲ್ಲಿ ಕಲ್ಲಿದ್ದಲು, ಬೂದಿ ಮತ್ತು ನೀರನ್ನು ಪರೀಕ್ಷೆ ಮಾಡುವ ಕೆಲಸ. ಅದನ್ನೇ ಹೇಳುತ್ತ ಕೂತರೆ ಊಟದ ಮೊದಲೇ ನಿಮಗೆ ನಿದ್ದೆ ಬರುತ್ತದೆ. ಅದರ ಬದಲು, ಊರಿಗೆ ಬಂದಾಗ ಕಟ್ಟೆಯ ಮೇಲೆ ಹಿರಿಯರು ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. "ತಮ್ಮಾ, ಚಿಮಣಿ ಹೊಗಿ ಹಿಡಿಯೋ ಮಷೀನ ಬಂದೈತೆಂತಲ್ಲ. ಅದು ಬಂದ್ರ ಕಲ್ಲಿದ್ದಲ ಎಷ್ಟ ಸುಟ್ರೂ ಏನೂ ಆಗಂಗಿಲ್ಲಂತ ಟೀವ್ಯಾಗ ಹೇಳಿದ್ರು. ಖರೇ ಏನು?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಡಿಯಲು ಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಹಿಡಿಯುವುದಕ್ಕೆ ಏನು ಖರ್ಚು, ಹಿಡಿದದ್ದನ್ನು ಎಲ್ಲಿ ಇಡುವುದು, ಈ ಎರಡು ಪ್ರಶ್ನೆಗೆ ಬಂದಾಗ ಲೆಕ್ಕ ತಪ್ಪುತ್ತದೆ. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಅನಿಲದ ಪರಿಚಯ ಆಗಲಿ. ಕಾರ್ಬನ್ ಡೈಆಕ್ಸೈಡ್, ಅಂದರೆ ಇಂಗಾಲದ ಡೈಆಕ್ಸೈಡ್. ನಮ್ಮ ಹಿರಿಯರಿಗೆ ಇದರ ಹೆಸರು ಗೊತ್ತಿರಲಿಲ್ಲ, ಗುಣ ಚೆನ್ನಾಗಿ ಗೊತ್ತಿತ್ತು. ಜೋಳದ ಹಗೇವು ತೆಗೆಯುವ ದಿನ ಯಾರೂ ಒಮ್ಮೆಲೇ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಇಳಿಯಬಾರದು. ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಖಾಲಿಯಾಗಿ ಈ ಅನಿಲ ತುಂಬಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಬರದೆ ತಳದಲ್ಲೇ ಕೂಡುತ್ತದೆ. ಮಕ್ಕಳೇ, ನೀವು ಹಗೇವು ನೋಡಿರಲಿಕ್ಕಿಲ್ಲ. ಮನೆಗೆ ಹೋದ ಮೇಲೆ ಅಜ್ಜಂದಿರನ್ನು ಕೇಳಿರಿ, ಒಂದೆರಡು ಕಥೆ ಸಿಗುತ್ತವೆ.

ಈ ಅನಿಲ ವಿಷವಲ್ಲ. ನಾವು ಉಸಿರು ಬಿಟ್ಟಾಗ ಬರುವುದು ಇದೇ, ಗಿಡಗಳಿಗೆ ಆಹಾರವೂ ಇದೇ. ಅಳತೆ ಮೀರಿದ್ದೇ ತೊಂದರೆ. ಇದು ಭೂಮಿಯ ಕಾವನ್ನು ಹೊರಗೆ ಹೋಗಗೊಡದೆ ಕಂಬಳಿ ಹೊದಿಸಿದ ಹಾಗೆ ಹಿಡಿದಿಡುತ್ತದೆ. ನಮ್ಮ ಶಾಲೆ ಆರಂಭವಾದ 1975ರಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 331 ಭಾಗ ಇತ್ತು. 2024ರಲ್ಲಿ 424 ದಾಟಿತು. ಶಾಲೆಯ ಐವತ್ತು ವರ್ಷದೊಳಗೆ ಇಷ್ಟು ಏರಿದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಹೊಲ ಮನೆಗಳಿಗೆ ನುಗ್ಗಿದ್ದನ್ನು ನೀವು ಕಂಡಿದ್ದೀರಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಯಾವುದೋ ಒಂದು ಮಳೆ, ಒಂದು ಬರ ಈ ಅನಿಲದಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಕಾವು ಏರಿದಷ್ಟೂ ಸುರಿದರೆ ಧಾರಾಕಾರ, ಬಿಟ್ಟರೆ ಪೂರಾ ಒಣಗು ಎಂಬ ಸ್ವಭಾವ ಹೆಚ್ಚುತ್ತದೆ ಎಂಬುದು ಮಾತ್ರ ವಿಜ್ಞಾನಿಗಳಲ್ಲಿ ಒಮ್ಮತದ ಮಾತು. ಹೆಸರು, ಕಡಲೆ, ಉಳ್ಳಾಗಡ್ಡಿ ಬೆಳೆಯುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕರೆಂಟಿಗೆ ಬರುತ್ತೇನೆ. ಶಾಲೆ ಆರಂಭವಾದಾಗ ಕರ್ನಾಟಕದ ಕರೆಂಟ್ ಅಂದರೆ ಬಹುಪಾಲು ನೀರಿನ ಕರೆಂಟ್, ಶರಾವತಿಯದು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ ಶುರುವಾಯಿತು. ಈಗ ಅಲ್ಲಿ ಎಂಟು ಘಟಕ, 1,720 ಮೆಗಾವಾಟ್. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ 1,700, ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ 1,600. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ಎನ್‌ಟಿಪಿಸಿಯ 2,400 ಮೆಗಾವಾಟ್. ಗದಗಿನಿಂದ ವಿಜಯಪುರಕ್ಕೆ ರೈಲಿನಲ್ಲಿ ಹೋದವರು ಅದರ ಚಿಮಣಿಗಳನ್ನು ನೋಡಿರುತ್ತೀರಿ. ನಾನು ಕಲ್ಲಿದ್ದಲಿನ ಅನ್ನ ಉಂಡವನು, ಅದನ್ನು ಹಳಿಯಲು ಇಲ್ಲಿ ನಿಂತಿಲ್ಲ. ಆ ಕರೆಂಟ್ ಬರದಿದ್ದರೆ ನಮ್ಮ ಹಿಟ್ಟಿನ ಗಿರಣಿ ತಿರುಗುತ್ತಿರಲಿಲ್ಲ, ಎಸ್‌ಎಸ್‌ಎಲ್‌ಸಿ ಮಕ್ಕಳು ರಾತ್ರಿ ಓದುತ್ತಿರಲಿಲ್ಲ.

ಕಲ್ಲಿದ್ದಲು ಸುಟ್ಟರೆ ಎಷ್ಟು ಹೊಗೆ ಬರುತ್ತದೆ? ಇಲ್ಲಿ ಬಹಳ ಮಂದಿ ಎಡವುತ್ತಾರೆ. ಹೊಗೆ ಅಂದರೆ ಹಗುರ, ಸುಟ್ಟ ವಸ್ತುವಿನ ಭಾರ ಕರಗಿಹೋಯಿತು ಅಂದುಕೊಳ್ಳುತ್ತಾರೆ. ಹತ್ತನೆಯ ತರಗತಿಯ ಮಕ್ಕಳು ಹೇಳಲಿ: ಇಂಗಾಲದ ಪರಮಾಣು ಭಾರ 12. ಅದಕ್ಕೆ ಅಂಟಿಕೊಳ್ಳುವ ಎರಡು ಆಮ್ಲಜನಕದ್ದು 32. ಕೂಡಿದರೆ 44. ಹನ್ನೆರಡು ಕಿಲೋ ಇಂಗಾಲ ಸುಟ್ಟರೆ ನಲವತ್ತನಾಲ್ಕು ಕಿಲೋ ಅನಿಲ. ಗಾಳಿಯ ಆಮ್ಲಜನಕ ಕೂಡಿಕೊಂಡು ಭಾರ ಹೆಚ್ಚಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ನೂರಕ್ಕೆ 35-40 ಪಾಲು. ಆ ಬೂದಿ ಕಳೆದರೂ ಒಂದು ಕಿಲೋ ಕಲ್ಲಿದ್ದಲಿನಿಂದ ಹತ್ತಿರ ಹತ್ತಿರ ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಕಲ್ಲಿದ್ದಲಿನ ಕರೆಂಟ್ ಒಂದು ಯುನಿಟ್ ಅಂದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಹೊಸ ಸ್ಥಾವರಗಳಲ್ಲಿ ಸ್ವಲ್ಪ ಕಡಿಮೆ, ಹಳೆಯವುಗಳಲ್ಲಿ ಸ್ವಲ್ಪ ಹೆಚ್ಚು. ಐದು ಎಚ್‌ಪಿ ಮೋಟಾರು ಒಂದು ತಾಸು ಓಡಿದರೆ ನಾಲ್ಕು ಯುನಿಟ್, ನಾಲ್ಕು ಕಿಲೋ. ರಾಯಚೂರಿನ 210 ಮೆಗಾವಾಟ್‌ನ ಒಂದೇ ಒಂದು ಘಟಕ ಪೂರ್ಣ ಓಡಿದರೆ ದಿನಕ್ಕೆ 5,000 ಟನ್. ದೊಡ್ಡ ಲಾರಿಯೊಂದಕ್ಕೆ 20 ಟನ್ ಹಿಡಿಯುತ್ತದೆ ಅನ್ನೋಣ, ದಿನಕ್ಕೆ 250 ಲಾರಿ. ಕೂಡಗಿಯ ಮೂರೂ ಘಟಕ ಪೂರ್ಣ ಓಡಿದ ದಿನ ಸುಮಾರು 50,000 ಟನ್, ಅಂದರೆ 2,500 ಲಾರಿ. ಇಡೀ ದೇಶದ ವಿದ್ಯುತ್ ಸ್ಥಾವರಗಳದು ವರ್ಷಕ್ಕೆ 100 ಕೋಟಿ ಟನ್ನಿಗೂ ಹೆಚ್ಚು. ಕಲ್ಲಿದ್ದಲು ಬರುವಾಗ ವ್ಯಾಗನ್‌ಗಟ್ಟಲೆ ಬರುವುದು ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಭಾರವಾದದ್ದು ಚಿಮಣಿಯಿಂದ ಹೋಗುವುದು ಕಾಣುವುದಿಲ್ಲ.

ಇದನ್ನು ಹಿಡಿಯುವುದು ಹೇಗೆ?

ಚಿಮಣಿಯಿಂದ ಬರುವುದೆಲ್ಲ ಇಂಗಾಲದ ಡೈಆಕ್ಸೈಡ್ ಅಲ್ಲ. ಎಂಟು ಚೀಲದಲ್ಲಿ ಒಂದು ಚೀಲ ಮಾತ್ರ ಅದು. ಉಳಿದದ್ದು ಬಹುಪಾಲು ಸಾರಜನಕ. ಎಂಟನ್ನೂ ಹಿಡಿದಿಡಲು ಆಗದು, ಒಂದನ್ನು ಬೇರೆ ಮಾಡಬೇಕು. ಕಣದಲ್ಲಿ ರಾಶಿ ತೂರಿದಾಗ ಹೊಟ್ಟು ಹಾರಿ ಕಾಳು ಬೀಳುತ್ತದೆ, ಏಕೆಂದರೆ ಭಾರದಲ್ಲಿ ಬಹಳ ವ್ಯತ್ಯಾಸ. ಇಲ್ಲಿ ಹಾಗೆ ತೂರಲು ಬರುವುದಿಲ್ಲ. ಆದ್ದರಿಂದ ರಸಾಯನದ ಉಪಾಯ.

ಉಪಾಯ ನಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಇದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿದ್ದ ಅನಿಲವನ್ನು ಸುಣ್ಣ ಹಿಡಿದುಕೊಂಡಿತು. ಇಲ್ಲಿಗೆ ನಿಲ್ಲಿಸಬೇಡಿ, ಇನ್ನೂ ಊದುತ್ತ ಹೋಗಿ. ಬೆಳ್ಳಗಿದ್ದದ್ದು ಮತ್ತೆ ತಿಳಿಯಾಗುತ್ತದೆ, ಇನ್ನಷ್ಟು ಅನಿಲ ಒಳಗೆ ಕರಗಿತು. ಈಗ ಆ ತಿಳಿನೀರನ್ನು ದೀಪದ ಮೇಲಿಟ್ಟು ಕಾಯಿಸಿ. ಮತ್ತೆ ಬೆಳ್ಳಗಾಗುತ್ತದೆ, ಆಮೇಲೆ ಹಿಡಿದದ್ದರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟಿತು. ತಣ್ಣಗಿದ್ದಾಗ ಹಿಡಿ, ಕಾಯಿಸಿದಾಗ ಬಿಡು. ದೊಡ್ಡ ಸ್ಥಾವರಗಳಲ್ಲಿ ಮಾಡುವುದೂ ಇದೇ. ಸುಣ್ಣದ ಬದಲು ಅಮೀನ್ ಎಂಬ ಜಾತಿಯ ದ್ರವ. ಅಮೋನಿಯಾದ ಬಳಗದ್ದು, ವಾಸನೆಯೂ ಹಾಗೆಯೇ. ಎತ್ತರದ ಗೋಪುರದಲ್ಲಿ ಮೇಲಿನಿಂದ ಈ ದ್ರವ ಜಿನುಗುತ್ತದೆ, ಕೆಳಗಿನಿಂದ ತಣಿಸಿದ ಹೊಗೆ ಏರುತ್ತದೆ. ಸುಮಾರು 40 ಡಿಗ್ರಿಯಲ್ಲಿ ದ್ರವ ಅನಿಲವನ್ನು ಹೀರುತ್ತದೆ. ತುಂಬಿದ ದ್ರವವನ್ನು ಇನ್ನೊಂದು ಗೋಪುರಕ್ಕೆ ಒಯ್ದು ಹಬೆಯಿಂದ 120 ಡಿಗ್ರಿವರೆಗೆ ಕಾಯಿಸುತ್ತಾರೆ. ಅನಿಲ ಬಿಟ್ಟು ಬರುತ್ತದೆ, ಈಗ ಅದು ಶುದ್ಧ. ದ್ರವವನ್ನು ತಣಿಸಿ ಮತ್ತೆ ಮೊದಲ ಗೋಪುರಕ್ಕೆ. ನೂರಕ್ಕೆ 90 ಪಾಲು ಹಿಡಿಯಬಹುದು. ಇದು ಹೊಸ ವಿದ್ಯೆಯೂ ಅಲ್ಲ, ಅನಿಲ ಶುದ್ಧೀಕರಣಕ್ಕೆ 1930ರ ದಶಕದಿಂದ ಬಳಕೆಯಲ್ಲಿದೆ.

ತೊಡಕು ಇರುವುದು "ಕಾಯಿಸುತ್ತಾರೆ" ಎಂಬ ಒಂದು ಮಾತಿನಲ್ಲಿ. ಕಾಯಿಸುವ ಹಬೆ ಎಲ್ಲಿಂದ ಬರಬೇಕು? ಕರೆಂಟ್ ತೆಗೆಯಲು ಟರ್ಬೈನ್ ತಿರುಗಿಸುವ ಅದೇ ಹಬೆಯಿಂದ. ಆಮೇಲೆ ಅನಿಲವನ್ನು ಅದುಮಿ ದ್ರವದಂತೆ ಮಾಡಲು ದೊಡ್ಡ ಕಂಪ್ರೆಸರ್‌ಗಳು, ಅವಕ್ಕೂ ಕರೆಂಟ್. ಎಲ್ಲ ಸೇರಿ ಸ್ಥಾವರದ ಉತ್ಪಾದನೆಯಲ್ಲಿ ನೂರಕ್ಕೆ 20ರಿಂದ 30 ಪಾಲು ಹೊಗೆ ಹಿಡಿಯುವುದಕ್ಕೇ ಹೋಗುತ್ತದೆ. ಐದು ಚೀಲ ಜೋಳ ಬೆಳೆದು ಒಂದು ಚೀಲವನ್ನು ಕಾವಲುಗಾರನಿಗೇ ಅಳೆದು ಕೊಟ್ಟಂತೆ. ಆ ಕೊರತೆ ತುಂಬಲು ಮತ್ತಷ್ಟು ಕಲ್ಲಿದ್ದಲು ಸುಡಬೇಕು, ಮತ್ತಷ್ಟು ಬೂದಿ, ಮತ್ತಷ್ಟು ನೀರು.

ಹಣದ ಲೆಕ್ಕವನ್ನೂ ನೋಡೋಣ. ವಿದ್ಯುತ್ ಸ್ಥಾವರದಂಥ ತೆಳು ಹೊಗೆಯಿಂದ ಒಂದು ಟನ್ ಹಿಡಿಯಲು 40ರಿಂದ 120 ಡಾಲರ್ ಬೀಳುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಸಾಗಿಸುವ, ಹೂಳುವ ಖರ್ಚು ಬೇರೆ. ಎಲ್ಲಕ್ಕಿಂತ ಕಡಿಮೆಯಾದ 40 ಡಾಲರನ್ನೇ ಹಿಡಿಯಿರಿ, ಯುನಿಟ್ಟಿಗೆ ಮೂರು ರೂಪಾಯಿಗೂ ಹೆಚ್ಚು. ಈಚಿನ ವರ್ಷಗಳಲ್ಲಿ ದೇಶದಲ್ಲಿ ಸೋಲಾರ್ ಕರೆಂಟಿನ ಹರಾಜು ಯುನಿಟ್ಟಿಗೆ ಎರಡೂವರೆ ರೂಪಾಯಿ ಆಸುಪಾಸಿನಲ್ಲಿ ನಿಂತಿದೆ. ಅಂದರೆ ಹಳೆಯ ಹೊಗೆ ಹಿಡಿಯುವ ಖರ್ಚಿಗಿಂತ ಕಡಿಮೆಯಲ್ಲಿ ಹೊಸ ಕರೆಂಟೇ ಹುಟ್ಟುತ್ತದೆ. "ಸೂರ್ಯ ರಾತ್ರಿ ಇರಂಗಿಲ್ಲಲ್ಲ?" ಅನ್ನುತ್ತೀರಿ. ಸರಿಯಾದ ಪ್ರಶ್ನೆ. ರಾತ್ರಿಗೆ ಬ್ಯಾಟರಿ ಬೇಕು, ಜಲವಿದ್ಯುತ್ ಬೇಕು, ಇನ್ನೂ ಕೆಲವು ವರ್ಷ ಕಲ್ಲಿದ್ದಲೂ ಬೇಕು. ಅದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೇನೆ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮಗೆ ಬಿಲ್ ಇಲ್ಲ, ಗೃಹಜ್ಯೋತಿಯಲ್ಲಿ 200 ಯುನಿಟ್ ಮಿತಿಯೊಳಗೆ ಮನೆಗೂ ಇಲ್ಲ. ಆ ಹಣ ಕೊಡುವುದು ಸರ್ಕಾರ. ಯುನಿಟ್ಟಿಗೆ ಮೂರು ರೂಪಾಯಿ ಹೆಚ್ಚಾದರೆ ಅದೇ ಕಿಸೆಯಿಂದ ಹೋಗಬೇಕು. ಈ ಶಾಲೆಗೆ ಎರಡು ಕೊಠಡಿ ಬೇಕು ಎಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು ಬೇಡಿಕೆ ಇಟ್ಟರಲ್ಲ, ಅದೂ ಆ ಕಿಸೆಯಿಂದಲೇ ಬರಬೇಕು.

ಜಗತ್ತಿನಲ್ಲಿ ಇದನ್ನು ಮಾಡಿ ನೋಡಿದವರು ಯಾರು? ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬೌಂಡರಿ ಡ್ಯಾಮ್ ಸ್ಥಾವರದಲ್ಲಿ 2014ರ ಅಕ್ಟೋಬರ್‌ನಲ್ಲಿ ಶುರುಮಾಡಿದರು. ನಮ್ಮ ರಾಯಚೂರಿನ ಒಂದು ಘಟಕಕ್ಕಿಂತ ಚಿಕ್ಕ ಘಟಕ ಅದು. ವರ್ಷಕ್ಕೆ 10 ಲಕ್ಷ ಟನ್ ಹಿಡಿಯುತ್ತೇವೆ ಎಂದಿದ್ದರು. ಹೆಚ್ಚಿನ ವರ್ಷಗಳಲ್ಲಿ ಆ ಗುರಿ ಮುಟ್ಟಿಲ್ಲ, ಆದರೆ ನಡೆಸುತ್ತಿದ್ದಾರೆ, ಅದಕ್ಕೆ ಮೆಚ್ಚಬೇಕು. ಅಮೆರಿಕದ ಟೆಕ್ಸಾಸ್‌ನಲ್ಲಿ ಪೆಟ್ರಾ ನೋವಾ ಎಂಬ ದೊಡ್ಡ ಯೋಜನೆ 2017ರಲ್ಲಿ ಆರಂಭವಾಗಿ 2020ರಲ್ಲಿ ನಿಂತು 2023ರಲ್ಲಿ ಮತ್ತೆ ಶುರುವಾಯಿತು. ನಿಂತದ್ದೇಕೆ? ಎಣ್ಣೆಯ ಬೆಲೆ ಬಿತ್ತು. ಹೊಗೆಗೂ ಎಣ್ಣೆಗೂ ಏನು ಸಂಬಂಧ ಎಂದರೆ, ಹಿಡಿದ ಅನಿಲವನ್ನು ಹಳೆಯ ಎಣ್ಣೆಬಾವಿಗೆ ಒತ್ತಿ ಉಳಿದ ಎಣ್ಣೆಯನ್ನು ಮೇಲೆ ತರುತ್ತಿದ್ದರು. ಆ ಎಣ್ಣೆ ಮಾರಿದರೆ ಮಾತ್ರ ಹೊಗೆ ಹಿಡಿಯುವ ಖರ್ಚು ಹುಟ್ಟುತ್ತದೆ. ಆ ಎಣ್ಣೆಯನ್ನು ಮತ್ತೆ ಯಾರೋ ಸುಡುತ್ತಾರೆ. ಇದನ್ನು ಯಾವ ಖಾತೆಗೆ ಬರೆಯಬೇಕೋ ನಮ್ಮ ಸೊಸೈಟಿಯ ಕಾರ್ಯದರ್ಶಿಗಳೇ ಹೇಳಬೇಕು.

ನಮ್ಮ ದೇಶದಲ್ಲೂ ಪ್ರಯತ್ನ ನಡೆದಿದೆ. ತಮಿಳುನಾಡಿನ ತೂತ್ತುಕುಡಿಯ ಸೋಡಾ ಕಾರ್ಖಾನೆಯೊಂದರಲ್ಲಿ 2016ರಲ್ಲಿ ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಪುಡಿ ಮಾಡುವ ಘಟಕ ಆರಂಭವಾಯಿತು. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ 2022ರಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ನಿಲ್ಲಿಸಿತು. ಅದರಿಂದ ಮೆಥನಾಲ್ ಮಾಡುವ ಯೋಜನೆ. ವಿದ್ಯುತ್ ಸ್ಥಾವರದ ಹೊಗೆ ಹಿಡಿದ ಈ ಕೆಲಸವನ್ನು ಮಾಡಿದ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಅಳತೆ ನೋಡಿ. ವಿಂಧ್ಯಾಚಲ 4,760 ಮೆಗಾವಾಟ್‌ನ ಸ್ಥಾವರ, ದೇಶದಲ್ಲೇ ಎಲ್ಲಕ್ಕಿಂತ ದೊಡ್ಡದು. ಪೂರ್ಣ ಓಡಿದ ದಿನ ಒಂದು ಲಕ್ಷ ಟನ್ ಆಸುಪಾಸು ಹೊಗೆಯಾಗಿ ಹೋಗುತ್ತದೆ. ಹಿಡಿಯುವುದು 20 ಟನ್, ಒಂದು ಲಾರಿ. ಐದು ಸಾವಿರ ಲಾರಿಯಲ್ಲಿ ಒಂದು.

ಈಗ ಹಿಡಿದದ್ದನ್ನು ಎಲ್ಲಿ ಇಡುವುದು? ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ.

"ಉಪಯೋಗಿಸಿಕೊಳ್ಳಬೇಕು" ಅನ್ನುವುದು ಒಂದು ಉತ್ತರ. ಯೂರಿಯಾ ಮಾಡಲು ಇದೇ ಅನಿಲ ಬೇಕು, ಈಗಲೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆ ಅದಕ್ಕೇ. ಆದರೆ ನೀವು ಯೂರಿಯಾ ಹೊಲಕ್ಕೆ ಹಾಕಿದ ಕೆಲವೇ ದಿನಗಳಲ್ಲಿ ಮಣ್ಣಿನೊಳಗೆ ಅದು ಒಡೆದು ಸಾರಜನಕ ಬೆಳೆಗೆ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತೆ ಗಾಳಿಗೆ ಹೋಗುತ್ತದೆ. ಸೋಡಾ ಪುಡಿ ಗಾಜಿನ ಕುಲುಮೆಗೆ ಹೋದರೂ ಹಾಗೆಯೇ. ಮೆಥನಾಲ್ ಸುಟ್ಟರೂ ಹಾಗೆಯೇ. ಇವು ಹಿಡಿದಿಡುವ ಕೆಲಸವಲ್ಲ, ಸ್ವಲ್ಪ ಹೊತ್ತು ಕೂಡಿಸಿ ಕಳಿಸುವ ಕೆಲಸ. ಗೋಲಿ ಸೋಡಾ ಬಾಟಲಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಗೋಲಿ ಒತ್ತುವ ತನಕ.

ಶಾಶ್ವತವಾಗಿ ಇಡಬೇಕಾದರೆ ಭೂಮಿಯೊಳಗೆ ಇಡಬೇಕು. ಮುಕ್ಕಾಲು ಕಿಲೋಮೀಟರಿಗಿಂತ ಆಳದಲ್ಲಿ, ಮೇಲೆ ಗಟ್ಟಿ ಮುಚ್ಚಳದಂಥ ಕಲ್ಲಿನ ಪದರ ಇರುವಲ್ಲಿ. ನಾರ್ವೆಯವರು 1996ರಿಂದ ಉತ್ತರ ಸಮುದ್ರದ ತಳದ ಕೆಳಗೆ ಹೀಗೆ ಇಡುತ್ತಿದ್ದಾರೆ. ಅದು ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ್ದು, ವಿದ್ಯುತ್ ಸ್ಥಾವರದ್ದಲ್ಲ. ಆದರೆ ಇಟ್ಟದ್ದು ಅಲ್ಲಿಯೇ ಉಳಿದಿದೆ. ನಮ್ಮ ಕಡೆ ಅಂಥ ಸಮುದ್ರತಳ ಎಲ್ಲಿಂದ ತರೋಣ? ರಾಯಚೂರು, ಬಳ್ಳಾರಿ ಕೆಳಗೆ ಇರುವುದು ಬಹುಮಟ್ಟಿಗೆ ಹಳೆಯ ಗಟ್ಟಿ ಗ್ರಾನೈಟು, ನೈಸ್ ಕಲ್ಲು. ಅದರೊಳಗೆ ಅನಿಲ ಸೇರುವ ತೂತುಗಳಿಲ್ಲ.

ವಿಜಯಪುರದ ಕಡೆ ಬೇರೆ ಕಥೆ ಇದೆ. ಅಲ್ಲಿ ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಕಲ್ಲು, ಗೋಳಗುಮ್ಮಟ ಕಟ್ಟಿದ ಕಲ್ಲು. ಆರೂವರೆ ಕೋಟಿ ವರ್ಷ ಹಿಂದೆ ಹರಿದ ಲಾವಾ ಗಟ್ಟಿಯಾಗಿದ್ದು, ಮಹಾರಾಷ್ಟ್ರದ ತುಂಬ ಹಾಸಿದೆ. ಬಸಾಲ್ಟ್‌ನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಇವೆ. ಇಂಗಾಲದ ಡೈಆಕ್ಸೈಡ್ ಅದಕ್ಕೆ ತಾಗಿದರೆ ಸುಣ್ಣದ ತಿಳಿನೀರಿನಲ್ಲಿ ಆದದ್ದೇ ಆಗುತ್ತದೆ, ಅನಿಲ ಕಲ್ಲಾಗಿಬಿಡುತ್ತದೆ. ಕಲ್ಲಾದ ಮೇಲೆ ಸೋರುವ ಭಯವೇ ಇಲ್ಲ. ಐಸ್‌ಲ್ಯಾಂಡಿನಲ್ಲಿ ಕಾರ್ಬ್‌ಫಿಕ್ಸ್ ಎಂಬ ಯೋಜನೆಯವರು 2012ರಲ್ಲಿ ಇದನ್ನು ಮಾಡಿ, ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲಾಯಿತು ಎಂದು 2016ರಲ್ಲಿ ಪ್ರಕಟಿಸಿದರು. ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಕೂಡಗಿಯಂಥ ಸ್ಥಾವರ, ಕಾಲ ಕೆಳಗೆ ಬಸಾಲ್ಟ್, ಇನ್ನೇನು ಬೇಕು ಅನ್ನಿಸುವುದು ಸಹಜ.

ಆದರೆ ಐಸ್‌ಲ್ಯಾಂಡಿನವರು ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಸುತ್ತಾರೆ. ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು. ಕೂಡಗಿಯ ಹೊಗೆಯಲ್ಲಿ ಅರ್ಧವನ್ನು ಮಾತ್ರ ಹೀಗೆ ಹೂಳುತ್ತೇವೆ ಅನ್ನೋಣ. ದಿನಕ್ಕೆ 25,000 ಟನ್ ಅನಿಲ, ಆರು ಲಕ್ಷ ಟನ್ನಿಗೂ ಮೀರಿದ ನೀರು. ವರ್ಷಕ್ಕೆ ಕೂಡಿಸಿದರೆ ಎಂಟು ಟಿಎಂಸಿ. ಈ ಸಭೆಯಲ್ಲಿ ಟಿಎಂಸಿ ಅಂದರೆ ಏನು ಎಂದು ಯಾರಿಗೂ ವಿವರಿಸಬೇಕಿಲ್ಲ. ಕಳಸಾ ಬಂಡೂರಿ ಎಂದು ನಾವು ಎಷ್ಟು ವರ್ಷ ಧರಣಿ ಕೂತೆವು? 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಆ ಎರಡೂ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಕೊಟ್ಟದ್ದು 1.72 ಮತ್ತು 2.18, ಕೂಡಿ 3.90 ಟಿಎಂಸಿ. ಅದರ ಎರಡರಷ್ಟು ನೀರು ಒಂದು ಸ್ಥಾವರದ ಅರ್ಧ ಹೊಗೆ ಹೂಳಲು. ನೀರನ್ನು ಮರುಬಳಕೆ ಮಾಡುವ, ಸಮುದ್ರದ ನೀರು ಬಳಸುವ ದಾರಿಗಳನ್ನು ಹುಡುಕುತ್ತಿದ್ದಾರೆ. ನೀರಿಲ್ಲದೆ ನೇರವಾಗಿ ಬಸಾಲ್ಟ್‌ಗೆ ಇಳಿಸಿದ ಪ್ರಯೋಗವೂ 2013ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದಿದೆ, ಸುಮಾರು ಸಾವಿರ ಟನ್. ಹಾಗೆ ಇಳಿಸಲು ಬಸಾಲ್ಟ್ ಬಹಳ ದಪ್ಪ ಇರಬೇಕು. ಈ ಹಾಸು ಪಶ್ಚಿಮ ಘಟ್ಟದ ಕಡೆ ಕಿಲೋಮೀಟರಿಗೂ ಹೆಚ್ಚು ದಪ್ಪ, ನಮ್ಮ ಕಡೆಯ ಅಂಚಿನಲ್ಲಿ ತೆಳು.

ಸೋರಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಹಗೇವಿನ ಕಂದೀಲೇ ಉತ್ತರ. 1986ರಲ್ಲಿ ಆಫ್ರಿಕಾದ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಈ ಅನಿಲ ತಾನಾಗಿಯೇ ಒಮ್ಮೆಲೇ ಉಕ್ಕಿ, ಇಳಿಜಾರಿನ ಹಳ್ಳಿಗಳಿಗೆ ಹರಿದು ಸುಮಾರು 1,700 ಜನ ಮಲಗಿದಲ್ಲೇ ತೀರಿಕೊಂಡರು. ಆಳದಲ್ಲಿ ಸರಿಯಾಗಿ ಹೂತದ್ದು ಹಾಗೆ ಉಕ್ಕುವುದಿಲ್ಲ. ಆದರೆ ಸ್ಥಾವರದಿಂದ ಹೂಳುವ ಜಾಗಕ್ಕೆ ಪೈಪ್‌ಲೈನ್ ಹೋಗುತ್ತದೆ, ಅದು ಯಾರದೋ ಹೊಲದಲ್ಲೇ ಹೋಗಬೇಕು. ಅಂಥ ಒಂದು ಪೈಪ್ 2020ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಒಡೆದು ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಕೂಡಗಿಯಲ್ಲಿ 2014ರ ಜುಲೈನಲ್ಲಿ ರೈತರ ಪ್ರತಿಭಟನೆ ಗೋಲಿಬಾರ್‌ವರೆಗೆ ಹೋಯಿತು. ಜುಲೈ 21 ಬಂದರೆ 1980ರ ಗೋಲಿಬಾರ್ ನೆನೆಯುವ ತಾಲೂಕಿನವರು ನಾವು. ಕಾಗದದ ಮೇಲೆ ಗೆರೆ ಎಳೆಯುವವರು ಊರಿನವರನ್ನು ಮೊದಲು ಕೇಳಬೇಕು ಎಂಬುದನ್ನು ನಮಗಿಂತ ಗಟ್ಟಿಯಾಗಿ ಹೇಳುವವರು ಯಾರು?

ಇನ್ನೊಂದು ಸಂಗತಿ, ಪ್ರಯೋಗಾಲಯದವನಾಗಿ ಹೇಳಲೇಬೇಕು. ಅಮೀನ್ ದ್ರವ ಬಹಳ ನಾಜೂಕು. ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ ಅದು ಕೆಟ್ಟುಹೋಗುತ್ತದೆ. ಆದ್ದರಿಂದ ಇಂಗಾಲ ಹಿಡಿಯುವ ಮೊದಲು ಗಂಧಕ ತೆಗೆಯಬೇಕು. ಅದಕ್ಕೂ ಸುಣ್ಣದಕಲ್ಲಿನ ನೀರೇ ಸಾಕು, ಕೊನೆಗೆ ಜಿಪ್ಸಂ ಸಿಗುತ್ತದೆ. ನಮ್ಮ ದೇಶದ ಸ್ಥಾವರಗಳು ಇದನ್ನು ಮಾಡಬೇಕೆಂದು 2015ರ ಡಿಸೆಂಬರ್‌ನಲ್ಲಿ ನಿಯಮ ಬಂತು. ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಕಾರಣ, ಅದು ನಿಜವೂ ಹೌದು. ಆದರೆ ಮೊದಲ ಮೆಟ್ಟಿಲನ್ನೇ ಬೇಡ ಅಂದವರು ಮಾಳಿಗೆ ಹತ್ತುತ್ತೇವೆ ಅಂದರೆ ನಾನು ಹೇಗೆ ನಂಬಲಿ? ಟೀವಿಯಲ್ಲಿ ಹೊಗೆ ಹಿಡಿಯುವ ಸುದ್ದಿ ಬಂದಾಗ "ಗಂಧಕ ತೆಗೆದ್ರೇನ್ರೀ?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮುಂದಿನದನ್ನು ಕೇಳಬೇಕಿಲ್ಲ.

ಹಾಗಾದರೆ ಈ ವಿದ್ಯೆ ವ್ಯರ್ಥವೇ? ಅಲ್ಲ. ಸಿಮೆಂಟ್ ನೋಡಿ. ಸುಣ್ಣದ ಭಟ್ಟಿ ಕಂಡವರಿಗೆ ಗೊತ್ತು, ಸುಣ್ಣದಕಲ್ಲು ಸುಟ್ಟಾಗ ಕಲ್ಲು ಹಗುರಾಗುತ್ತದೆ. ಕಳೆದುಹೋದ ಭಾರವೇ ಇಂಗಾಲದ ಡೈಆಕ್ಸೈಡ್. ಕಲಬುರಗಿ, ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಹೊರಡುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಸುಡುವ ಇಂಧನದಿಂದಲ್ಲ, ಕಲ್ಲಿನಿಂದಲೇ. ಅಲ್ಲಿ ಸೋಲಾರ್ ಹಾಕಿದರೂ ಆ ಪಾಲು ನಿಲ್ಲದು. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳದೂ ಹೆಚ್ಚುಕಡಿಮೆ ಇದೇ ಪಾಡು. ಬೇರೆ ದಾರಿ ಇಲ್ಲದವರಿಗೆ ಈ ವಿದ್ಯೆ ಬೇಕು. ಕರೆಂಟಿಗೆ ಬೇರೆ ದಾರಿ ಇದೆ. ನಲವತ್ತು ವರ್ಷ ದುಡಿದ ರಾಯಚೂರಿನ ಹಳೆಯ ಘಟಕಕ್ಕೆ ಕೋಟಿಗಟ್ಟಲೆ ಸುರಿದು ಹೊಗೆ ಹಿಡಿಯುವ ಗೋಪುರ ಕಟ್ಟುವುದು, ಮುದಿ ಎತ್ತಿಗೆ ಬೆಳ್ಳಿ ಕೋಡಣಸು ಹಾಕಿದಂತೆ ಎಂಬುದು ನನ್ನ ಅಭಿಪ್ರಾಯ. ನನ್ನ ಜೊತೆ ಕೆಲಸ ಮಾಡಿದ ಕೆಲವರು ಇದನ್ನು ಒಪ್ಪುವುದಿಲ್ಲ, ಅವರು ನನಗಿಂತ ದಡ್ಡರೇನೂ ಅಲ್ಲ. ಕಲ್ಲಿದ್ದಲು ಇನ್ನೂ ಮೂವತ್ತು ವರ್ಷ ಇದ್ದೇ ಇರುತ್ತದೆ, ಹೊಸ ಸ್ಥಾವರಗಳಿಗಾದರೂ ಈಗಲೇ ಕಲಿತಿರಬೇಕು ಎಂಬುದು ಅವರ ವಾದ.

ಕಲಿಯುವ ಕೆಲಸ ದೂರದಲ್ಲೇನೂ ನಡೆಯುತ್ತಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಗಾಲ ಹಿಡಿಯುವ ಮತ್ತು ಬಳಸುವ ಸಂಶೋಧನೆಗಾಗಿ 2022ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೇಂದ್ರವೊಂದನ್ನು ಮಂಜೂರು ಮಾಡಿತು. ಇನ್ನೊಂದು ಮುಂಬಯಿಯ ಐಐಟಿಯಲ್ಲಿದೆ. ಕಡಿಮೆ ಕಾವಿನಲ್ಲಿ ಬಿಡುವ ದ್ರವ ಸಿಕ್ಕರೆ ನಾನು ಈಗ ಹೇಳಿದ ಲೆಕ್ಕ ಅರ್ಧ ಬದಲಾಗುತ್ತದೆ. ಧಾರವಾಡದಲ್ಲೇ 2016ರಿಂದ ಐಐಟಿ ಇದೆ, ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಬರುವ ದಾರಿ. ರಸಾಯನಶಾಸ್ತ್ರ ಅಂದರೆ ಹೆದರುವ ಮಕ್ಕಳಿಗೆ ಹೇಳುತ್ತೇನೆ: ಈ ಶಾಲೆಯಲ್ಲಿ ನಾನು ಕಲಿತ ರಸಾಯನದಲ್ಲಿ ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡೆ, ಸಮೀಕರಣ ಸರಿದೂಗಿಸಲು ಬಂದರೆ ಅರ್ಧ ಕೆಲಸ ಆದಂತೆ.

ಮಾತು ಉದ್ದವಾಯಿತು, ಅಡುಗೆ ಮನೆಯಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿದೆ. ವಿಜ್ಞಾನ ಶಿಕ್ಷಕರ ಒಪ್ಪಿಗೆ ಪಡೆದು ಪ್ರಯೋಗಾಲಯದಲ್ಲಿ ಆರು ಬೀಕರು, ಸುಣ್ಣದ ತಿಳಿನೀರು, ಊದುವ ಕೊಳವೆ, ಸ್ಪಿರಿಟ್ ದೀಪ ಇಡಿಸಿದ್ದೇನೆ. ಊಟ ಆದ ಮೇಲೆ ಬನ್ನಿ. ಊದಿದರೆ ಬೆಳ್ಳಗಾಗುವುದು, ಮತ್ತೆ ಊದಿದರೆ ತಿಳಿಯಾಗುವುದು, ಕಾಯಿಸಿದರೆ ಮತ್ತೆ ಬೆಳ್ಳಗಾಗುವುದು, ಮೂರನ್ನೂ ಕಣ್ಣಾರೆ ನೋಡಬಹುದು. ಕಾಯಿಸಲು ಎಷ್ಟು ಸ್ಪಿರಿಟ್ ಉರಿಯಿತು ಎಂದು ತೂಗಿ ಬರೆದಿಡಲು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಒಪ್ಪಿದ್ದಾರೆ. ಊದುವಾಗ ಸುಣ್ಣದ ನೀರನ್ನು ಹಿಂದಕ್ಕೆ ಹೀರಬೇಡಿ, ಕಣ್ಣಿಗೆ ಸಿಡಿಸಿಕೊಳ್ಳಬೇಡಿ. ಹಿರಿಯರಿಗೂ ಕೊಳವೆ ಇದೆ, ಸಂಕೋಚ ಬೇಡ.